ಕೈಗೆ ತಕ್ಕಷ್ಟೇ ಕೊಟ್ಟಿಗೆ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮಹಿಳಾ ಸದಸ್ಯರು ಸೇರಿದ್ದ ಸಭೆಯಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿ ಆಡಿದ ಮಾತುಗಳ ಬರಹರೂಪ. ಸಭೆಗೆ ಬರಲಾಗದ ಸದಸ್ಯರಿಗಾಗಿ ಇಲ್ಲಿ ಪ್ರಕಟಿಸಲಾಗಿದೆ.)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಸಂಘದಲ್ಲಿ ಹಾಲು ಅಳೆದು, ಸ್ಯಾಂಪಲ್ ತೆಗೆದು, ಪುಸ್ತಕದಲ್ಲಿ ಬರೆದು ಅಭ್ಯಾಸ. ನನ್ನ ತವರು ತೀರ್ಥಹಳ್ಳಿಯ ಕಡೆ, ಕೊಟ್ಟ ಮನೆ ಹೊಸನಗರ ತಾಲ್ಲೂಕು, ಮಗಳು ಓದುತ್ತಿರುವುದು ಸಾಗರದಲ್ಲಿ. ಹೀಗಾಗಿ ಮೂರು ತಾಲ್ಲೂಕೂ ನನಗೆ ಮನೆಯಂತೆಯೇ. ದೊಡ್ಡ ಮಾತು ನನಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಿಮ್ಮ ಮನೆಗೆ ಹೊಂದುವುದನ್ನು ತೆಗೆದುಕೊಳ್ಳಿ, ಉಳಿದದ್ದನ್ನು ಇಲ್ಲೇ ಬಿಟ್ಟು ಹೋಗಿ.

ನನಗೆ ಕೊಟ್ಟ ವಿಷಯ "ದುಡಿಯುವ ತಾಯಿಯ ಸರಳ ಜೀವನ" ಎಂದು. ಇದನ್ನು ಕೇಳಿದ ಕೂಡಲೇ ನನಗೆ ನಗು ಬಂತು. ಮಲೆನಾಡಿನ ದನ ಕಟ್ಟುವ ಹೆಂಗಸಿಗೆ ಸರಳ ಜೀವನ ಎಂದು ಯಾರಾದರೂ ಬೇರೆ ಕಲಿಸಬೇಕೇ? ನಾವೇನು ರೇಷ್ಮೆ ಸೀರೆ ಉಟ್ಟು ಕೊಟ್ಟಿಗೆಗೆ ಹೋಗುತ್ತೇವೆಯೇ? ಆದರೆ ರಾತ್ರಿ ಮಲಗಿ ಯೋಚಿಸಿದಾಗ ಬೇರೆ ಹೊಳೆಯಿತು. ನಮ್ಮ ಊಟ ಸರಳ, ಉಡುಗೆ ಸರಳ. ಆದರೆ ನಮ್ಮ ದಿನ ಸರಳವಾಗಿಲ್ಲ. ಅದು ಬಿಡಿಸಲಾಗದಂತೆ ಸಿಕ್ಕುಬಿದ್ದ ಕತ್ತದ ಹಗ್ಗದಂತಿದೆ. ಈ ದಿನದ ಬಗ್ಗೆಯೇ ಎರಡು ಮಾತು.

ನಮ್ಮ ಒಂದು ದಿನ

ಬೆಳಿಗ್ಗೆ ನಾಲ್ಕೂವರೆಗೆ ಏಳುವುದು. ಬಚ್ಚಲು ಒಲೆಗೆ ಬೆಂಕಿ ಹಾಕಿ, ಕೊಟ್ಟಿಗೆಗೆ ಹೋಗಿ ಸಗಣಿ ಬಾಚಿ, ದನಕ್ಕೆ ಹಿಂಡಿ ಕೊಟ್ಟು, ಕೆಚ್ಚಲು ತೊಳೆದು, ಹಾಲು ಕರೆದು, ಆರು ಗಂಟೆಗೆ ಸಂಘದ ಬಾಗಿಲಲ್ಲಿ ಇರಬೇಕು. ತಿರುಗಿ ಬಂದು ರೊಟ್ಟಿ ತಟ್ಟಿ, ಮಕ್ಕಳ ತಲೆ ಬಾಚಿ, ಎಂಟರ ಬಸ್ಸಿಗೆ ಕಳುಹಿಸಬೇಕು. ಆಮೇಲೆ ಅಡಿಗೆ, ಪಾತ್ರೆ, ಬಟ್ಟೆ. ಹತ್ತು ಗಂಟೆಗೆ ಕತ್ತಿ ಹಿಡಿದು ಹುಲ್ಲಿಗೋ ಸೊಪ್ಪಿಗೋ ಹೊರಟರೆ ಮಧ್ಯಾಹ್ನ. ಊಟ ಮುಗಿಸಿ ದನಕ್ಕೆ ಅಕ್ಕಚ್ಚು ಇಟ್ಟು ಬೆನ್ನು ನೆಲಕ್ಕೆ ತಾಗಿಸುವಷ್ಟರಲ್ಲಿ ಮತ್ತೆ ಕರೆಯುವ ಹೊತ್ತು. ಸಂಜೆ ಸಂಘ, ರಾತ್ರಿ ಅಡಿಗೆ, ಮಲಗುವ ಮುಂಚೆ ಇನ್ನೊಮ್ಮೆ ಕೊಟ್ಟಿಗೆಗೆ ದೀಪ ಹಿಡಿದು ಹೋಗಿ ಹುಲ್ಲು ಹಾಕಿ ಬರುವುದು. ಆಗ ಗಂಟೆ ಒಂಬತ್ತೂವರೆ. ಲೆಕ್ಕ ಹಾಕಿ, 17 ಗಂಟೆ.

ಸಂಘದ ಬಾಗಿಲಲ್ಲಿ ನಿಂತು ನಾನು ದಿನವೂ ನೋಡುತ್ತೇನೆ. ಕ್ಯಾನು ಹಿಡಿದು ಓಡುತ್ತಾ ಬರುವವರು, "ಅಕ್ಕಾ, ಬೇಗ ಅಳೆಯಿರಿ, ಒಲೆ ಮೇಲೆ ಇಟ್ಟು ಬಂದಿದ್ದೇನೆ" ಎನ್ನುವವರು, ಮೈ ಬಿಸಿಯಾಗಿದ್ದರೂ ತಲೆಗೆ ಬಟ್ಟೆ ಕಟ್ಟಿಕೊಂಡು ಬರುವವರು. ನಿಂತು ಮಾತಾಡುವವರು ಗಂಡಸರು. ಓಡುವವರು ನಾವು.

ಇದು ನಮ್ಮ ಊರಿನ ಮಾತು ಮಾತ್ರವಲ್ಲ. ಜನರು ದಿನದ ಹೊತ್ತನ್ನು ಯಾವುದಕ್ಕೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರ 2024ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕಳೆಯುವುದು 88 ನಿಮಿಷ. ಇದೇ ಸಮೀಕ್ಷೆ 2019ರಲ್ಲಿ ನಡೆದಾಗ ಹೆಂಗಸರದ್ದು 299, ಗಂಡಸರದ್ದು 97 ನಿಮಿಷ ಇತ್ತು. ಐದು ವರ್ಷದಲ್ಲಿ ನಮ್ಮದು 10 ನಿಮಿಷ ಇಳಿಯಿತು, ಅಣ್ಣಂದಿರದ್ದೂ 9 ನಿಮಿಷ ಇಳಿಯಿತು! ಮನೆಗೆಲಸದ ಈ ಲೆಕ್ಕಕ್ಕೆ ಕೊಟ್ಟಿಗೆಯ ದುಡಿಮೆಯನ್ನೂ ಸೇರಿಸಿದರೆ ನಮ್ಮ ದಿನ ಎಷ್ಟು ಉದ್ದವಾಗುತ್ತದೆ ಎಂಬುದು ನಿಮಗೇ ಗೊತ್ತು.

ಅತ್ತೆಯ ಕಾಲ, ನಮ್ಮ ಕಾಲ

ನಮ್ಮ ಅತ್ತೆ ಹೇಳುತ್ತಿದ್ದರು, "ನಮ್ಮ ಕಾಲದಲ್ಲಿ ಹದಿನೈದು ದನ ಇದ್ದವು, ನಿನ್ನಂತೆ ನಾವು ಸುಸ್ತಾಗುತ್ತಿರಲಿಲ್ಲ" ಎಂದು. ಕೇಳಿ ಕೇಳಿ ನನಗೆ ಬೇಸರವಾಗುತ್ತಿತ್ತು. ಆದರೆ ಅವರ ಮಾತು ಸುಳ್ಳಲ್ಲ. ಅವು ಮಲೆನಾಡು ಗಿಡ್ಡ. ಬೆಳಿಗ್ಗೆ ಕಣ್ಣಿ ಬಿಚ್ಚಿದರೆ ಬ್ಯಾಣಕ್ಕೋ ಕಾಡಿಗೋ ಹೋಗಿ ಮೇದು, ಹಳ್ಳದಲ್ಲಿ ನೀರು ಕುಡಿದು, ಸಂಜೆ ತಾವೇ ಮನೆಗೆ ಬರುತ್ತಿದ್ದವು. ಕೊಡುತ್ತಿದ್ದುದು ಒಂದೆರಡು ಲೀಟರ್ ಹಾಲು. ದನ ಸಾಕುತ್ತಿದ್ದುದು ತೋಟದ ಗೊಬ್ಬರಕ್ಕೆ.

ಮಿಶ್ರತಳಿ ಹಸು ಬಂತು, ಹಾಲು ಹೆಚ್ಚಿತು, ಸಂಘ ಬಂತು, ಕೈಗೆ ಹಣ ಬಂತು. ಇದು ಒಳ್ಳೆಯದೇ. ಆದರೆ ಈ ಹಸು ಕಾಡಿಗೆ ಹೋಗುವುದಿಲ್ಲ. ಕಾಡನ್ನೇ ಅದರ ಮುಂದೆ ತಂದು ಇಡಬೇಕು. ಹುಲ್ಲು, ನೀರು, ಹಿಂಡಿ, ಔಷಧಿ ಎಲ್ಲವೂ ನಿಂತಲ್ಲಿಗೆ. ಕರೆಯುವ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಈ ನೀರು ಹೊತ್ತವರು ಯಾರು? ಹಾಲು ಹೆಚ್ಚಿದಾಗ ಮನೆಯ ಆದಾಯ ಹೆಚ್ಚಿತು ಎಂದು ಎಲ್ಲರೂ ಬರೆದುಕೊಂಡರು. ಹೆಂಗಸಿನ ಕೆಲಸವೂ ಅಷ್ಟೇ ಹೆಚ್ಚಿತು ಎಂದು ಯಾರೂ ಬರೆದುಕೊಳ್ಳಲಿಲ್ಲ. ನಾನೂ ಬರೆದುಕೊಂಡಿರಲಿಲ್ಲ, 2019ರ ತನಕ.

ಎಂಟು ದಿನದ ಪಾಠ

ಆ ಬೇಸಿಗೆ ನಿಮಗೆ ನೆನಪಿರಬಹುದು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಕಾಣಿಸಿಕೊಂಡು ಹಲವರು ತೀರಿಕೊಂಡರು. ಮೂರೂ ತಾಲ್ಲೂಕಿನಲ್ಲಿ ಯಾರಿಗೆ ಜ್ವರ ಬಂದರೂ ಎದೆ ಢವಢವ ಎನ್ನುತ್ತಿತ್ತು. 2019ರ ಫೆಬ್ರವರಿಯಲ್ಲಿ ನನಗೂ ಜ್ವರ ಬಂತು. ಒಂದು ವಾರದ ಹಿಂದಷ್ಟೇ ಕಾಡಿನಿಂದ ದರಗು ತಂದಿದ್ದೆ. ತಲೆನೋವು, ಮೈಕೈ ನೋವು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಲ್ಲ ಎಂದು ಬಂತು. ಆದರೂ ಎಂಟು ದಿನ ಅಲ್ಲೇ ಇರಬೇಕಾಯಿತು.

ಮನೆಯಲ್ಲಿ ನಾಲ್ಕು ಹಸು. ನಮ್ಮ ಮನೆಯವರು ತೋಟದ ಕೆಲಸದಲ್ಲಿ ಎತ್ತಿದ ಕೈ, ಆದರೆ ಮದುವೆಯಾದ ಮೇಲೆ ಒಂದು ದಿನವೂ ಹಾಲು ಕರೆದವರಲ್ಲ. ಮೊದಲ ದಿನ ಬೆಳಿಗ್ಗೆ ಟಾರ್ಚು ಹಿಡಿದು ಗೌರಿಯ ಹತ್ತಿರ ಹೋದರು. ಗೌರಿ ಒಂದು ಹೊತ್ತಿಗೆ 5 ಲೀಟರ್ ಕೊಡುವ ಹಸು. ಹೊಸ ಕೈ, ಗಡಿಬಿಡಿ, ಗದರಿಕೆ. ಅದು ಒದೆಯಿತು, ಹಾಲು ಮೇಲಕ್ಕೆಳೆದುಕೊಂಡಿತು. ಸಿಕ್ಕಿದ್ದು ಒಂದೂವರೆ ಲೀಟರ್. ಪಕ್ಕದ ಮನೆಯ ಅಕ್ಕ ತಮ್ಮ ಕೆಲಸ ಮುಗಿಸಿ ಬಂದು ಉಳಿದ ಹಸುಗಳನ್ನು ಕರೆದುಕೊಟ್ಟರು. ಗೌರಿ ಅವರನ್ನೂ ಹತ್ತಿರ ಸೇರಿಸಲಿಲ್ಲ. ನಾಲ್ಕನೇ ದಿನ ಕೆಚ್ಚಲು ಕಲ್ಲಿನಂತಾಯಿತು, ಹಾಲಿನಲ್ಲಿ ಗಂಟು ಬಂತು. ಪಶುವೈದ್ಯರು ಬಂದರು, ಚುಚ್ಚುಮದ್ದು ಕೊಟ್ಟರು. ಔಷಧಿ ನಡೆಯುವಷ್ಟು ದಿನ, ಆಮೇಲೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ. ಕೆಚ್ಚಲಿನ ಒಂದು ಭಾಗ ಕೊನೆಗೂ ಬತ್ತಿಹೋಯಿತು.

ಹಸುವಿನದು ಹೇಗೋ ಆಯಿತು. ನನ್ನ ಎದೆಗೆ ಚುಚ್ಚಿದ್ದು ಬೇರೆ. ಮಗಳು ಆಗ 9ನೇ ತರಗತಿ. ಎಂಟು ದಿನ ಶಾಲೆಗೆ ಹೋಗಲಿಲ್ಲ. ಅಡಿಗೆ ಮಾಡಿದಳು, ತಮ್ಮನನ್ನು ಶಾಲೆಗೆ ಕಳುಹಿಸಿದಳು, ಸಗಣಿ ಬಾಚಿದಳು. ಹೋಗಬೇಡ ಎಂದು ಅವಳಿಗೆ ಯಾರೂ ಹೇಳಲಿಲ್ಲ, ಹೋಗು ಎಂದೂ ಯಾರೂ ಹೇಳಲಿಲ್ಲ. ನಾನು ಮನೆಗೆ ಬಂದ ರಾತ್ರಿ ಹತ್ತಿರ ಕುಳಿತು ಕೇಳಿದಳು: "ಅಮ್ಮ, ನೀನು ದಿನಾ ಇಷ್ಟು ಕೆಲಸ ಮಾಡುತ್ತೀಯಾ? ಮುಂದೆ ನಾನೂ ಹೀಗೇ ಮಾಡಬೇಕಾ?"

ಅಕ್ಕತಂಗಿಯರೇ, ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಒಬ್ಬಳು ಮಲಗಿದರೆ ಇಡೀ ಮನೆ ಮಲಗುತ್ತದೆ ಎಂದರೆ ಅದನ್ನು ಸಂಸಾರ ಎನ್ನಬೇಕೋ, ಒಂದೇ ಕಂಬದ ಚಪ್ಪರ ಎನ್ನಬೇಕೋ ನೀವೇ ಹೇಳಿ.

ಲೆಕ್ಕಕ್ಕೆ ಕುಳಿತೆವು

ಮೈಯಲ್ಲಿ ಶಕ್ತಿ ಬಂದ ಮೇಲೆ ನಾವಿಬ್ಬರೂ ಜಗಲಿಯಲ್ಲಿ ಕುಳಿತು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದೆವು. ನಾಲ್ಕು ಹಸುವಿನಿಂದ ದಿನಕ್ಕೆ ಒಟ್ಟು 19 ಲೀಟರ್. ಅದರಲ್ಲಿ ಒಂದು ಹಸು ಕರು ಹಾಕಿ ವರ್ಷ ದಾಟಿತ್ತು, ಗಬ್ಬವಾಗಿರಲಿಲ್ಲ. ಮೂರು ಸಲ ಬೆದೆಯ ಹೊತ್ತು ತಪ್ಪಿಹೋಗಿತ್ತು. ಏಕೆ ತಪ್ಪಿತು? ನೋಡಲು ನನಗೆ ಪುರುಸೊತ್ತು ಇರಲಿಲ್ಲ! ಇನ್ನೊಂದು ಬತ್ತುವ ಹಂತದಲ್ಲಿತ್ತು. ನಾಲ್ಕಕ್ಕೂ ಸೇರಿ ತಿಂಗಳಿಗೆ ಹಿಂಡಿ 9 ಚೀಲ.

ಎರಡನ್ನು ಇಟ್ಟುಕೊಂಡು ಎರಡನ್ನು ಸಾಕುವವರ ಮನೆಗೆ ಕೊಟ್ಟೆವು. ಮರುವರ್ಷದ ಹೊತ್ತಿಗೆ ಉಳಿದ ಎರಡೇ ಹಸು ದಿನಕ್ಕೆ 16 ಲೀಟರ್ ಕೊಡತೊಡಗಿದವು. ಗದ್ದೆಯ ಅಂಚಿನಲ್ಲಿ ಮೇವಿನ ಹುಲ್ಲು ಹಾಕಿದ್ದರಿಂದ ಹಿಂಡಿ ತಿಂಗಳಿಗೆ 6 ಚೀಲಕ್ಕೆ ಇಳಿಯಿತು. ತಿಂಗಳಿಗೆ 90 ಲೀಟರ್ ಹಾಲು ಕಡಿಮೆ, 3 ಚೀಲ ಹಿಂಡಿ ಕಡಿಮೆ. ದರ ಹಾಕಿ ನೋಡಿದರೆ ಒಂದಕ್ಕೊಂದು ಸರಿಹೋಯಿತು. ಮೇಲೆ ಉಳಿದದ್ದು ದಿನಕ್ಕೆ ಎರಡು ಗಂಟೆ. ಆ ಎರಡು ಗಂಟೆಯನ್ನು ನಾನು ಯಾವ ಪಾಸ್‌ಬುಕ್ಕಿನಲ್ಲೂ ಬರೆದಿಲ್ಲ. ಆದರೆ ಅದಕ್ಕಿಂತ ದೊಡ್ಡ ಬೋನಸ್ ನನಗೆ ಯಾವತ್ತೂ ಸಿಕ್ಕಿಲ್ಲ.

ಒಕ್ಕೂಟದ ಸಭೆಯಲ್ಲಿ ನಿಂತು ಹಾಲು ಕಡಿಮೆ ಮಾಡಿ ಎನ್ನುತ್ತಾಳಲ್ಲ ಎಂದು ಹಿರಿಯರು ತಪ್ಪು ತಿಳಿಯಬಾರದು. ಎರಡು ಕೈ ಸೇರಿದರೆ ಎರಡು ಹಸು, ನಾಲ್ಕು ಕೈ ಸೇರಿದರೆ ನಾಲ್ಕು ಹಸು, ಯಂತ್ರವಿದ್ದರೆ ಹತ್ತು ಹಸು. ಕೈ ಎರಡೇ ಇದ್ದು ಹಸು ನಾಲ್ಕಾದರೆ ಹಸುವೂ ಸೋಲುತ್ತದೆ, ಹೆಂಗಸೂ ಸೋಲುತ್ತಾಳೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಹಣಕ್ಕೆ ಮಾತ್ರವಲ್ಲ, ದುಡಿಮೆಗೂ ಸಲ್ಲುತ್ತದೆ. ನನ್ನ ಪಾಲಿಗೆ ಸರಳ ಜೀವನ ಎಂದರೆ ಇದೇ.

ಹಾಲು ಬಿಡಬೇಡಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಡಿಕೆಗೆ ಕೊಳೆ ರೋಗ ಹಿಂದಿನಿಂದಲೂ ಇತ್ತು, ಈಗ ಕೆಲವು ವರ್ಷಗಳಿಂದ ಎಲೆಚುಕ್ಕೆ ರೋಗ ನಮ್ಮ ಮೂರೂ ತಾಲ್ಲೂಕಿನ ತೋಟಗಳನ್ನು ಹಿಂಡುತ್ತಿದೆ. ಅಡಿಕೆಯ ಹಣ ವರ್ಷಕ್ಕೊಮ್ಮೆ ಬಂದರೆ ಬಂತು. ಮಕ್ಕಳ ಬಸ್ ಪಾಸು, ಪುಸ್ತಕ, ಅಂಗಡಿಯ ಬಾಕಿ ಇವೆಲ್ಲ ನಡೆಯುವುದು ಹಾಲಿನ ಬಟವಾಡೆಯಿಂದ. ಅದು ನಿಲ್ಲಬಾರದು. ಅದನ್ನು ತರುವವಳೂ ಕುಸಿಯಬಾರದು.

ಕೊಟ್ಟಿಗೆಯಲ್ಲಿ ಕೆಲಸ ಇಳಿಸುವ ಬಗೆ

ನಾವು ಒಂದೊಂದಾಗಿ ಮಾಡಿದ್ದನ್ನು ಹೇಳುತ್ತೇನೆ. ಯಾವುದೂ ದೊಡ್ಡದಲ್ಲ.

1. ನೀರು. ದಿನಕ್ಕೆ ಇಪ್ಪತ್ತು ಕೊಡ ನೀರು ಹೊರುತ್ತಿದ್ದೆ. ಒಂದು ಪೈಪು ಎಳೆದು ಹಸುವಿನ ಮುಂದೆ ಸಿಮೆಂಟ್ ತೊಟ್ಟಿ ಕಟ್ಟಿಸಿದೆವು. ಒಂದು ಲೀಟರ್ ಹಾಲಿಗೆ ಹಸುವಿಗೆ ನಾಲ್ಕೈದು ಲೀಟರ್ ನೀರು ಬೇಕು. ಮುಂದೆ ಸದಾ ನೀರಿದ್ದರೆ ಬೇಕಾದಾಗ ಕುಡಿಯುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಇದೊಂದರಿಂದಲೇ ಹಾಲು ತುಸು ಹೆಚ್ಚಿತು.

2. ಹುಲ್ಲು. ಮೇವಿನ ಹುಲ್ಲಿನ ಕಡ್ಡಿಯನ್ನು ಕೊಟ್ಟಿಗೆಗೆ ಹತ್ತಿರದಲ್ಲೇ, ಕೊಟ್ಟಿಗೆ ತೊಳೆದ ನೀರು ಹರಿಯುವ ಕಡೆ ನೆಡಿ. ದೂರದ ಹುಲ್ಲು ಎಷ್ಟು ಚೆನ್ನಾಗಿದ್ದರೂ ತಲೆಯ ಮೇಲೆ ಬರಬೇಕು. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಕಡೆಯ ಮಳೆಯಲ್ಲಿ ಹೊರೆ ಹೊತ್ತು ಬರುವವರ ಕಷ್ಟ ನಾನು ಬೇರೆ ಹೇಳಬೇಕೇ?

3. ಗೋಬರ್ ಗ್ಯಾಸ್. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಾಕು. ಎರಡು ಮಿಶ್ರತಳಿ ಹಸು, ಒಂದು ಕಡಸು ಇದ್ದರೆ ಅಷ್ಟು ಸಿಗುತ್ತದೆ. ನಾಲ್ಕೈದು ಜನರ ಅಡಿಗೆ ನಡೆಯುತ್ತದೆ. ಕಟ್ಟಿಗೆ ತರುವ ಕೆಲಸ, ಹೊಗೆಯಲ್ಲಿ ಕಣ್ಣೊರೆಸುವ ಕೆಲಸ ಎರಡೂ ಹೋಯಿತು. ಬಗ್ಗಡ ತೋಟಕ್ಕೆ.

4. ರಬ್ಬರ್ ಹಾಸು. ಹಸು ಜಾರುವುದಿಲ್ಲ, ಮೊಣಕಾಲು ಕಿತ್ತುಹೋಗುವುದಿಲ್ಲ, ತೊಳೆಯುವುದು ಸುಲಭ. ಹಾಸಲು ಸೊಪ್ಪು, ದರಗು ಅಷ್ಟಾಗಿ ಬೇಕಾಗುವುದಿಲ್ಲ.

5. ಬೆದೆಯ ಲೆಕ್ಕ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಜೊತೆಗೆ ಬೆದೆಗೆ ಬಂದ ದಿನವನ್ನೂ ಗುರುತು ಮಾಡಿ. 21 ದಿನಕ್ಕೆ ಮತ್ತೆ ನೋಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ. ಒಂದು ಬೆದೆ ತಪ್ಪಿದರೆ 21 ದಿನದ ಹಿಂಡಿ, ಹುಲ್ಲು, ಸಗಣಿ ಬಾಚಿದ್ದು ಎಲ್ಲ ದಂಡ.

6. ಕರೆಯುವುದನ್ನು ಮನೆಯಲ್ಲಿ ಕನಿಷ್ಠ ಇಬ್ಬರು ಕಲಿಯಿರಿ. ಇದು ನನ್ನ ದೊಡ್ಡ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಸುವಿನ ಕೆಚ್ಚಲು ತೊಳೆದು, ಮೊಲೆ ಮುಟ್ಟಿ, ಕರುವನ್ನು ತೋರಿಸಿದಾಗ ಅದರ ಮೆದುಳಿನಿಂದ ಒಂದು ರಸ ಹೊರಟು ರಕ್ತದಲ್ಲಿ ಸೇರಿ ಕೆಚ್ಚಲಿಗೆ ಬಂದು ಹಾಲು ಇಳಿಸುತ್ತದೆ. ಇದರ ಬಲ ಇರುವುದು ಐದರಿಂದ ಏಳು ನಿಮಿಷ ಮಾತ್ರ. ಅಷ್ಟರೊಳಗೆ ಕರೆದು ಮುಗಿಸಬೇಕು. ಹಸು ಹೆದರಿದರೆ, ಹೊಡೆದರೆ, ಗದ್ದಲವಾದರೆ ಬೇರೊಂದು ರಸ ಹೊರಟು ಇದನ್ನು ತಡೆದುಬಿಡುತ್ತದೆ. ಗೌರಿಗೆ ಆದದ್ದು ಇದೇ. ಹಾಲು ಒಳಗೆ ಉಳಿದು ಕೆಚ್ಚಲು ಬಾವಿಗೆ ದಾರಿಯಾಯಿತು. ಹಾಗಾಗಿ ಹಸುವಿಗೆ ಎರಡು ಕೈಗಳ ಪರಿಚಯ ಮೊದಲೇ ಇರಬೇಕು. ಕಾಯಿಲೆ ಬಿದ್ದ ದಿನ ಕಲಿಸಲು ಆಗುವುದಿಲ್ಲ. ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಆ ಹೊತ್ತು ಹಸು ಮಲಗದಂತೆ ಮುಂದೆ ಹುಲ್ಲು ಹಾಕಿ. ಈ ಹುಲ್ಲು ಹಾಕುವ ಕೆಲಸಕ್ಕೆ ಎಂಟು ವರ್ಷದ ಹುಡುಗ ಸಾಕು. ಹುಡುಗ ಎಂದೇ ಹೇಳಿದೆ, ಹುಡುಗಿ ಎಂದಲ್ಲ.

ಅಣ್ಣಂದಿರೇ, ಹಾಲು ಕರೆಯುವುದು ಹೆಂಗಸರ ಕೆಲಸ ಎಂದು ಹಸು ಎಲ್ಲೂ ಹೇಳಿಲ್ಲ. ಅದಕ್ಕೆ ಬೇಕಾದದ್ದು ಸಮಾಧಾನದ ಕೈ.

ಕಾಡಿಗೆ ಹೋಗುವಾಗ

ನನಗೆ ಬಂದದ್ದು ಮಂಗನ ಕಾಯಿಲೆ ಅಲ್ಲ, ನನ್ನ ಪುಣ್ಯ. ಆದರೆ ಈ ಕಾಯಿಲೆ ನಮ್ಮ ನೆರೆಯದ್ದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದನ್ನು ಮೊದಲು ಗುರುತಿಸಿದರು. ಉಣುಗಿನಿಂದ ಇದು ಹರಡುತ್ತದೆ. ಮಳೆ ಕಳೆದ ಮೇಲೆ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ, ದರಗು ಗುಡಿಸುವ ಕಾಲದಲ್ಲೇ ಸಣ್ಣ ಉಣುಗುಗಳು ಜಾಸ್ತಿ. ದರಗಿಗೆ ಹೋಗುವವರು ಯಾರು? ನಾವೇ. ಆದ್ದರಿಂದ ಕೇಳಿ: ಕಾಡಿಗೆ ಹೊರಡುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮೈ ತುಂಬ ಬಟ್ಟೆ ಇರಲಿ. ಬಂದ ಕೂಡಲೇ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತ ಜಾಗದ ಸೊಪ್ಪು, ದರಗು ಕೊಟ್ಟಿಗೆಗೆ ಬೇಡವೇ ಬೇಡ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗುವ ದನದ ಮೈಮೇಲೂ ಉಣುಗು ಮನೆಗೆ ಬರುತ್ತದೆ, ಪಶುವೈದ್ಯರನ್ನು ಕೇಳಿ ಔಷಧಿ ಹಾಕಿಸಿ. ಜ್ವರ ಬಂದರೆ "ನಾಳೆ ನೋಡೋಣ" ಎನ್ನಬೇಡಿ. ನಾವು ನಾಳೆ ಎನ್ನುವುದೇ ಹಾಲು ಕರೆಯುವವರು ಬೇರೆ ಇಲ್ಲ ಎಂದು.

ಒಲೆ, ಮಕ್ಕಳು, ಹಾಲು

ಅಡಿಗೆಯ ವಿಷಯದಲ್ಲಿ ನಮ್ಮ ಹಿರಿಯರು ಜಾಣರು. ಒಂದೆಲಗವೋ ದೊಡ್ಡಪತ್ರೆಯೋ ನಾಲ್ಕು ಎಲೆ ಕೊಯ್ದು, ಜೀರಿಗೆ ಕಾಯಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಹತ್ತು ನಿಮಿಷ. ಬೆಳಿಗ್ಗೆ ಗಂಜಿ, ಮೇಲೆ ತುಪ್ಪ, ಉಪ್ಪಿನಕಾಯಿ. ದಿನವೂ ಮೂರು ಬಗೆ ಮಾಡಿದರೇ ಒಳ್ಳೆಯ ಗೃಹಿಣಿ ಎಂಬ ಹಟ ಬಿಡೋಣ. ಹಬ್ಬದ ಕಡುಬು ಹಬ್ಬಕ್ಕಿರಲಿ.

ಆದರೆ ಒಂದರಲ್ಲಿ ಮಾತ್ರ ಉಳಿತಾಯ ಬೇಡ. ಸಂಘಕ್ಕೆ 8 ಲೀಟರ್ ಹಾಕಿ ಮಕ್ಕಳಿಗೆ ಬರಿ ಕಾಫಿ ಕೊಡುವ ಮನೆಗಳನ್ನು ನಾನು ನೋಡಿದ್ದೇನೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರು ನಮ್ಮ ಕೈಗೆ, ಮೊಸರು ಪೇಟೆಯವರ ಬಾಯಿಗೆ ಎಂದಾಗಬಾರದು. ಕರೆದ ಕೂಡಲೇ ಮೊದಲು ಮನೆಗೆ ಒಂದು ಲೀಟರ್ ತೆಗೆದಿಡಿ, ಉಳಿದದ್ದು ಕ್ಯಾನಿಗೆ. ಆ ಒಂದು ಲೀಟರಿನಲ್ಲಿ ಮಕ್ಕಳಿಗೆ ಒಂದು ಲೋಟ, ನಿಮಗೂ ಒಂದು ಲೋಟ. ನಿಮಗೂ ಎಂದೆ, ಕೇಳಿಸಿತಲ್ಲ? 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದ ಮೇಲೆ ಶಾಲೆಯಲ್ಲಿ ಮಕ್ಕಳಿಗೆ 150 ಮಿಲಿ ಲೀಟರ್ ಹಾಲು ಸಿಗುತ್ತಿದೆ. ಹಳ್ಳಿ ಸಂಘಗಳಲ್ಲಿ ಹೆಂಗಸರು ಹಾಕಿದ ಹಾಲೇ ಪುಡಿಯಾಗಿ ಹಳ್ಳಿಯ ಶಾಲೆಗೆ ತಿರುಗಿ ಬರುತ್ತದೆ. ಇದನ್ನು ನಿಮ್ಮ ಮಕ್ಕಳಿಗೆ ಹೇಳಿ. ಅಮ್ಮನ ಕೆಲಸಕ್ಕೆ ಒಂದು ಬೆಲೆ ಇದೆ ಎಂದು ಅವರಿಗೂ ಗೊತ್ತಾಗಲಿ.

ಹೆಸರು ಯಾರದು?

ಕೊನೆಗೆ ಒಂದು ಕಹಿ ಮಾತು. ಸಂಘದಲ್ಲಿ ಪುಸ್ತಕ ಬರೆಯುವವಳಾದ್ದರಿಂದ ಹೇಳುತ್ತೇನೆ. ಮಹಿಳಾ ಸಂಘವಲ್ಲದ ಊರುಗಳಲ್ಲಿ ಹಾಲು ತರುವವಳು ಹೆಂಗಸು, ಪಾಸ್‌ಬುಕ್ಕಿನಲ್ಲಿ ಹೆಸರು ಗಂಡಸಿನದು. ಮಹಾಸಭೆಗೆ ಬರುವವರು ಅವರು, ಮತ ಹಾಕುವವರು ಅವರು. ಸರ್ಕಾರದ ಪ್ರೋತ್ಸಾಹ ಧನ ಬಂದು ಬೀಳುವುದೂ ಹೆಸರಿದ್ದವರ ಖಾತೆಗೆ. ಹೆಂಗಸರು ಹೈನುಗಾರಿಕೆಯಿಂದ ಸ್ವಂತ ಕಾಲ ಮೇಲೆ ನಿಲ್ಲಲಿ ಎಂದು ಕೇಂದ್ರ ಸರ್ಕಾರ 1986-87ರಲ್ಲಿ ತಂದ 'ಸ್ಟೆಪ್' ಯೋಜನೆಯಡಿ ರಾಜ್ಯದಲ್ಲಿ ಅನೇಕ ಮಹಿಳಾ ಸಂಘಗಳು ಹುಟ್ಟಿದವು. ಅಲ್ಲಿ ಅಳೆಯುವವರು ನಾವೇ, ಸಹಿ ಹಾಕುವವರು ನಾವೇ. ಸಾಮಾನ್ಯ ಸಂಘಗಳ ಆಡಳಿತ ಮಂಡಳಿಯಲ್ಲೂ ಹೆಂಗಸರಿಗೆ ಎರಡು ಸ್ಥಾನ ಮೀಸಲು. ಆ ಕುರ್ಚಿಯಲ್ಲಿ ಕೂರುವವರು ಸಹಿಗೆ ಮಾತ್ರ ಬಂದು ಹೋಗಬಾರದು. ಹಾಲು ತೆಗೆದುಕೊಳ್ಳುವ ಹೊತ್ತು ಮಕ್ಕಳ ಬಸ್ಸಿನ ಹೊತ್ತಿಗೆ ಹೊಂದುತ್ತದೆಯೇ, ತರಬೇತಿ ಇಡುವುದು ಕರೆಯುವ ಹೊತ್ತಿನಲ್ಲಿಯೇ ಎಂದು ಕೇಳುವವರು ಬೇಕು. ಅದನ್ನು ಕೇಳಲು ನಮಗಲ್ಲದೆ ಯಾರಿಗೆ ಗೊತ್ತಾಗುತ್ತದೆ?

ಗಂಡ ಹೆಂಡತಿ ಜಗಳವಾಡಬೇಕು ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ಕುಳಿತು ಮಾತಾಡಿ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ಜೊತೆಗೆ, ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಆರೋಗ್ಯ ಯೋಜನೆ 2018ರಲ್ಲಿ ನಿಂತುಹೋಗಿತ್ತು, 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾಯಿತು. ವರ್ಷ ವರ್ಷ ಹೆಸರು ಬರೆಸುವುದನ್ನು ಮರೆಯಬೇಡಿ. ಹಸುವಿಗೆ ವಿಮೆ ಮಾಡಿಸಿ ಹೆಂಡತಿಗೆ ಮಾಡಿಸಲು ಮರೆತ ಮನೆ ನನಗೆ ಗೊತ್ತಿದೆ. ಯಾವ ಮನೆ ಎಂದು ಕೇಳಬೇಡಿ, ಆ ಅಣ್ಣ ಹಿಂದಿನ ಸಾಲಿನಲ್ಲೇ ಕುಳಿತಿದ್ದಾರೆ.

ಈ ರಾತ್ರಿ ಮಾಡಬೇಕಾದ ಕೆಲಸ

ಇವತ್ತು ಮನೆಗೆ ಹೋಗಿ ಒಂದು ಕಾಗದದಲ್ಲಿ ನೀವು ಬೆಳಿಗ್ಗೆಯಿಂದ ರಾತ್ರಿ ತನಕ ಮಾಡುವ ಕೆಲಸಗಳನ್ನು ಬರೆಯಿರಿ. ಬರೆಯಲು ಬಾರದವರು ಮಕ್ಕಳಿಂದ ಬರೆಸಿ, ಅದು ಇನ್ನೂ ಒಳ್ಳೆಯದು. ಅದರಲ್ಲಿ ಮೂರು ಗೆರೆ ಎಳೆಯಿರಿ. ಮಾಡದಿದ್ದರೂ ನಡೆಯುವ ಒಂದು ಕೆಲಸವನ್ನು ಬಿಡಿ. ಬೇರೆಯವರು ಮಾಡಬಹುದಾದ ಒಂದು ಕೆಲಸವನ್ನು ಅವರಿಗೆ ಕೊಡಿ. ಪೈಪಿನಿಂದಲೋ ಯಂತ್ರದಿಂದಲೋ ಆಗುವ ಒಂದು ಕೆಲಸಕ್ಕೆ ಮುಂದಿನ ಬಟವಾಡೆಯಿಂದ ಹಣ ತೆಗೆದಿಡಿ. ಎಲ್ಲವೂ ಒಂದೇ ದಿನ ಆಗುವುದಿಲ್ಲ. ನಮ್ಮ ಮನೆಗೆ ಮೂರು ವರ್ಷ ಹಿಡಿಯಿತು.

ಈಗ ನಮ್ಮ ಮನೆಯಲ್ಲಿ ಸಂಜೆಯ ಹಾಲು ಕರೆಯುವುದು ಮನೆಯವರು. ಮೊದಲ ಒಂದು ತಿಂಗಳು ಹಸುವಿಗೂ ಅವರಿಗೂ ಆಗಿಬರಲಿಲ್ಲ. ಈಗ ಗೌರಿಯ ಮಗಳು ಅವರ ಚಪ್ಪಲಿ ಸಪ್ಪಳ ಕೇಳಿದರೆ ಹಾಲಿಳಿಸುತ್ತದೆ, ನಾನು ಹೋದರೆ ಕಿವಿ ಆಡಿಸಿ ಸುಮ್ಮನಿರುತ್ತದೆ. ಸಂಜೆ ಸಂಘಕ್ಕೆ ಹೊರಡುವ ಮುಂಚೆ ಅರ್ಧ ಗಂಟೆ ನಾನು ಜಗಲಿಯಲ್ಲಿ ಕೂರುತ್ತೇನೆ. ಏನೂ ಮಾಡುವುದಿಲ್ಲ. ಮೊದಮೊದಲು ಭಯವಾಗುತ್ತಿತ್ತು, ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು. ಈಗ ಇಲ್ಲ. ಸಾಗರದಿಂದ ಮಗಳು ಫೋನ್ ಮಾಡುವುದು ಆ ಹೊತ್ತಿಗೇ. "ಅಮ್ಮ, ಕೂತಿದ್ದೀಯಾ?" ಎಂದು ಮೊದಲು ಕೇಳುತ್ತಾಳೆ. ಕೂತಿದ್ದೇನೆ ಎಂದರೆ ಮಾತ್ರ ಮುಂದಿನ ಮಾತು.

ಹೊತ್ತಾಯಿತು, ಎಲ್ಲರಿಗೂ ಕರೆಯುವ ಸಮಯ. ಇವತ್ತೊಂದು ದಿನ ಅಣ್ಣಂದಿರು ಮೊದಲ ಬಸ್ಸಿಗೆ ಹೋಗಲಿ, ನಾವು ಕಾಫಿ ಕುಡಿದು ನಿಧಾನವಾಗಿ ಹಿಂದಿನ ಬಸ್ಸಿಗೆ ಹೊರಡೋಣ.